ಕಂಬಿ ಹಿಡಿಯದೆ ನಿಲ್ಲುವುದು

ಹೋದ ತಿಂಗಳು ಮಗಳು ಸುಧಾ ಒಂದು ಯೋಗದ ಚಾಪೆ ಕಳಿಸಿಕೊಟ್ಟಳು. ಅವಳು ಚಿತ್ರದುರ್ಗದಲ್ಲಿ ನರ್ಸು. ಸುರುಳಿ ಸುತ್ತಿದ, ಬದನೆಕಾಯಿ ಬಣ್ಣದ ಚಾಪೆ. ಮೇಲಿನ ಪ್ಲಾಸ್ಟಿಕ್ಕು ಹರಿದದ್ದೇ ತಡ, ನಡುಮನೆಯ ತುಂಬ ಹೊಸ ರಬ್ಬರಿನ ವಾಸನೆ ಹರಡಿತು. ಬಿಸಿಲಲ್ಲಿ ನಿಂತು ಕಾದ ಬಸ್ಸಿನೊಳಕ್ಕೆ ತಲೆ ಹಾಕಿದಾಗ ಮೂಗಿಗೆ ಬಡಿಯುತ್ತದಲ್ಲ, ಅದೇ ವಾಸನೆ. ನಾನು ಚಾಪೆ ಹಾಸುವುದನ್ನು ಬಿಟ್ಟು ಅದರ ಪಕ್ಕದಲ್ಲೇ ಕೂತುಬಿಟ್ಟೆ.

ನಗಬೇಡಿ. ಯೋಗ ಅಂದರೆ ನಿಮಗೆ ಹಿಮಾಲಯ, ಜಟೆ, ಹುಲಿಚರ್ಮ ನೆನಪಾಗಬಹುದು. ನನಗೆ ನೆನಪಾಗುವುದು ಮಾಸಿದ ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ನು. ಅವರು ಮೊಳಕಾಲ್ಮೂರು–ಚಳ್ಳಕೆರೆ ಬಸ್ಸಿನ ಕಂಡಕ್ಟರ್ ಓಬಳಪ್ಪನವರು. ಅವರ ಬಗ್ಗೆ ಹೇಳಬೇಕಾದರೆ ಮೊದಲು ನಾನು ಬಿದ್ದದ್ದನ್ನು ಹೇಳಬೇಕು.

ನಾನು ಹುಟ್ಟಿದ್ದು ಚಳ್ಳಕೆರೆಯಲ್ಲಿ. ನಮ್ಮಪ್ಪ ಮಗ್ಗ ಬಿಟ್ಟು ಎಣ್ಣೆ ಮಿಲ್ಲಿಗೆ ಸೇರಿದವರು. ಹಾಗಾಗಿ ನನ್ನ ಬಾಲ್ಯಕ್ಕೆ ಶೇಂಗಾ ಹಿಂಡಿಯ ವಾಸನೆ ಮೆತ್ತಿಕೊಂಡಿದೆ. ಬೇಸಿಗೆ ರಜೆಗೆ ಅಮ್ಮನ ತವರು ದೊಡ್ಡಉಳ್ಳಾರ್ತಿಗೆ ಹೋಗುತ್ತಿದ್ದೆವು. ಅಲ್ಲಿ ದನ ಮೇಯುವ ಕಾವಲಿನ ಹುಲ್ಲಲ್ಲಿ ಬರಿಗಾಲಲ್ಲಿ ಓಡಿ, ಸಂಜೆ ಅಂಗಾಲಿನ ಮುಳ್ಳು ಕೀಳಿಸಿಕೊಳ್ಳುವುದೇ ಆಟ. ಆಮೇಲೆ ಪಿ.ಯು.ಸಿ. ಆಯಿತು, ಲೈಬ್ರರಿಯ ಕಾದಂಬರಿಗಳೆಲ್ಲ ಮುಗಿದವು, ಮದುವೆಯಾಯಿತು. ಗಂಡನ ಮನೆ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ. ಅಪ್ಪ ಬಿಟ್ಟುಬಂದ ಮಗ್ಗಕ್ಕೆ ನಾನು ಹೋಗಿ ಕೂತೆ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ ಅದು. ಎರಡೇ ವರ್ಷದಲ್ಲಿ ಅಂಚು, ಸೆರಗು ಎಲ್ಲ ಕೈಗೆ ಹತ್ತಿತು. ಬೀದಿಯಲ್ಲಿ ನನ್ನಷ್ಟು ಚೆನ್ನಾಗಿ ನವಿಲಂಚು ತೆಗೆಯುವವರಿಲ್ಲ ಎಂಬ ಜಂಬವೂ ಬಂದಿತ್ತು. ಆ ಜಂಬಕ್ಕೆ ಆಯಸ್ಸು ಕಡಿಮೆ ಎಂದು ಆಗ ತಿಳಿದಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಇಪ್ಪತ್ತೇಳು. ಮಳೆಗಾಲದಲ್ಲಿ ಒಂದು ವಾರ ಜ್ವರ ಬಂದು ಬಿಟ್ಟಿತು. ಎಂಟನೆಯ ದಿನ ಮಗ್ಗಕ್ಕೆ ಕೂತೆ. ನೂಲು ಹೊತ್ತ ಲಾಳಿ ಎಡದಿಂದ ಬಲಕ್ಕೆ ಹೋಯಿತು. ಅದರ ಹಿಂದೆಯೇ ಗೋಡೆಯೂ ಹೊರಟಿತು. ಗೋಡೆಯ ಹಿಂದೆ ಕಿಟಕಿ, ಕಿಟಕಿಯ ಹಿಂದೆ ಇಡೀ ಮನೆ. ನಾನು ಪಕ್ಕಕ್ಕೆ ಉರುಳಿಬಿದ್ದೆ. ರೇಷ್ಮೆಯ ಮೇಲೆ ವಾಂತಿಯಾಗದ ಹಾಗೆ ಮುಖ ತಿರುಗಿಸಿಕೊಳ್ಳುವಷ್ಟು ನೇಕಾರಿಕೆಯ ಬುದ್ಧಿ ಮಾತ್ರ ಉಳಿದಿತ್ತು.

ಚಳ್ಳಕೆರೆಯ ಡಾಕ್ಟರು ಕಿವಿ ನೋಡಿದರು, ಕಣ್ಣು ನೋಡಿದರು. “ಕಿವಿಯ ಒಳಗೆ ಒಂದು ತಕ್ಕಡಿ ಇದೆ ಅಂತ ತಿಳ್ಕೊಳ್ಳಮ್ಮ. ಜ್ವರದಲ್ಲಿ ಅದಕ್ಕೆ ಏಟು ಬಿದ್ದಿದೆ. ಸ್ವಲ್ಪ ದಿನ ಮಾತ್ರೆ ತಗೋ. ಆಮೇಲೆ ನಡೀಬೇಕು, ಓಡಾಡಬೇಕು. ಮಲಗೇ ಇದ್ರೆ ಅದು ಮತ್ತೆ ತೂಗೋದನ್ನ ಕಲಿಯಲ್ಲ” ಎಂದರು. ನಾನು ಮಾತ್ರೆಯ ಭಾಗವನ್ನಷ್ಟೇ ಕೇಳಿಸಿಕೊಂಡು ಮನೆಗೆ ಬಂದು ಮಲಗಿದೆ.

ಮಲಗಿದ್ದು ತಿಂಗಳುಗಟ್ಟಲೆ. ಎದ್ದರೆ ನೆಲ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಬಚ್ಚಲಿಗೆ ಹೋಗಬೇಕಾದರೆ ಗೋಡೆಗೆ ಅಂಗೈ ಒತ್ತಿಕೊಂಡು, ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆ. ನಮ್ಮತ್ತೆ ತಾಯಿತ ಕಟ್ಟಿಸಿದರು, ನಿಂಬೆಹಣ್ಣು ಇಳಿ ತೆಗೆದರು, ಹರಕೆ ಹೊತ್ತರು. ಒಂದು ದಿನವೂ ಗೊಣಗದೆ ನನ್ನ ಪಾಲಿನ ಅಡಿಗೆಯನ್ನೂ ಮಾಡಿದರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಗೆ ನಮ್ಮವರು ಬಟ್ಟೆ ಹೊದಿಸಿಟ್ಟರು. ಗೋಡೆಯ ಸುಣ್ಣದ ಮೇಲೆ, ನನ್ನ ಸೊಂಟದ ಎತ್ತರಕ್ಕೆ, ಕೈ ಉಜ್ಜಿ ಉಜ್ಜಿ ಒಂದು ಕಂದು ಗೆರೆ ಮೂಡಿತು.

ಎರಡನೆಯ ಸಲ ಡಾಕ್ಟರಿಗೆ ತೋರಿಸಿಕೊಂಡು ಚಳ್ಳಕೆರೆಯಿಂದ ವಾಪಸು ಬರುವಾಗಲೇ ಓಬಳಪ್ಪನವರು ಸಿಕ್ಕಿದ್ದು. ನಾನು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ತಳಕು ದಾಟಿದ ಮೇಲೆ ಬಸ್ಸು ಸ್ವಲ್ಪ ಖಾಲಿಯಾಯಿತು. “ಏನವ್ವಾ, ಮೈಗೆ ಹುಷಾರಿಲ್ವಾ?” ಎಂಬ ದನಿ ಕೇಳಿ ಕಣ್ಣು ಬಿಟ್ಟೆ.

ನಮ್ಮವರು ಹೇಳಿದರು: “ತಲೆ ತಿರುಗ್ತೈತ್ರಿ ಇವಳಿಗೆ. ನೆಲ ಅಲ್ಲಾಡ್ದಂಗೆ ಆಗ್ತೈತಂತೆ.”

“ಅಲ್ಲಾಡ್ದಂಗೇನು, ಅಲ್ಲಾಡ್ತಾನೇ ಐತಲ್ಲ! ಬಸ್ಸು ಕಣಪ್ಪ ಇದು” ಎಂದು ಅವರು ನಕ್ಕರು.

ನನಗೆ ಸಿಟ್ಟು ಬಂತು. ತಿಂಗಳುಗಳಿಂದ ಎಲ್ಲರೂ ನನ್ನ ಮುಂದೆ ಮೆಲ್ಲಗೆ ಮಾತಾಡುತ್ತಿದ್ದರೇ ಹೊರತು ನಕ್ಕವರಿರಲಿಲ್ಲ. ಅದೂ ಅಲ್ಲದೆ ಈ ಮನುಷ್ಯ ಕುಲುಕುವ ಬಸ್ಸಿನ ನಟ್ಟನಡುವೆ, ಯಾವುದಕ್ಕೂ ಆತುಕೊಳ್ಳದೆ, ಎರಡೂ ಕೈಯಲ್ಲಿ ಟಿಕೀಟು ಹಿಡಿದುಕೊಂಡು ನಿಂತಿದ್ದರು. “ನೀವು ಹೆಂಗೆ ಬೀಳಲ್ಲ?” ಎಂದು ಒರಟಾಗಿಯೇ ಕೇಳಿದೆ.

“ಕಂಬಿ ಹಿಡ್ಕಂಡ್ರೆ ಟಿಕೀಟು ಹರಿಯೋಕೆ ಕೈ ಎಲ್ಲಿರ್ತಾವವ್ವ? ಮೊದಮೊದ್ಲು ನಾನೂ ಬಿದ್ದೀನಿ. ಒಂದ್ಸಲ ಯಾರೋ ಯಜಮಾನ್ರ ತೊಡೆ ಮ್ಯಾಲೇ ಹೋಗಿ ಕುಂತಿದ್ದೆ. ಬಿಗಿಯಾಗಿ ನಿಂತ್ರೆ ಬೀಳ್ತೀವಿ. ಮಂಡಿ ಸಡ್ಲ ಬಿಡ್ಬೇಕು, ಅಂಗಾಲು ಪೂರ್ತಿ ಊರ್ಬೇಕು, ಉಸುರು ಹೊಟ್ಟೆಗಿಳೀಬೇಕು. ಆಗ ಬಸ್ಸು ಅದ್ರ ಪಾಡಿಗೆ ಅಲ್ಲಾಡ್ತೈತೆ, ನಾವು ನಮ್ಮ ಪಾಡಿಗೆ ಇರ್ತೀವಿ.”

ಪಕ್ಕದ ಸೀಟಿನಲ್ಲಿ ಕೂತು ಉಳಿದದ್ದನ್ನೂ ಹೇಳಿದರು. ದಿನವೆಲ್ಲ ನಿಂತು ಅವರ ಬೆನ್ನು ಹೋಗಿತ್ತಂತೆ. ಯಾರೋ ಯೋಗದ ಮೇಷ್ಟರು ಡಿಪೋಗೆ ಬಂದು ಒಂದು ವಾರ ಕಲಿಸಿದ್ದನ್ನು ಹಿಡಿದುಕೊಂಡು ಹನ್ನೆರಡು ವರ್ಷದಿಂದ ಬಿಟ್ಟಿಲ್ಲವಂತೆ. ಬೆಳಿಗ್ಗೆ ಡ್ಯೂಟಿಗೆ ಮೊದಲು ನೇಕಾರರ ಬೀದಿಯ ಹಿಂದಿನ ಗುಡ್ಡದ ಬುಡದಲ್ಲಿ ಹೆಂಡತಿಯ ಜೊತೆ ಮಾಡುತ್ತಾರೆ. “ನಮ್ಮ ಗಂಗಮ್ಮ ಇರ್ತಾಳೆ, ನೀನೂ ಬಾ. ಮಾತ್ರೆ ಬಿಡು ಅನ್ನಲ್ಲ ನಾನು. ಡಾಕ್ಟ್ರು ನಡಿ ಅಂದಾರಲ್ಲ? ಅಲ್ಲಿಗೇ ನಡ್ಕಂಡು ಬಾ” ಎಂದವರು, ಮುಂದಿನ ಸ್ಟಾಪು ಬಂತೆಂದು ಎದ್ದು ಹೋದರು.

ವಿಷಯ ಕೇಳಿದ ಅತ್ತೆ ಎರಡೂ ಕೈ ಆಡಿಸಿದರು. “ವದ್ದಮ್ಮಾ, ವದ್ದು!” ನಮ್ಮ ಮನೆಮಾತು ತೆಲುಗು, ಬೇಡವೇ ಬೇಡ ಎಂದು ಅದರ ಅರ್ಥ. ಮನೆಯೊಳಗೇ ಬೀಳುವವಳು ಗುಡ್ಡದಲ್ಲಿ ಬಿದ್ದರೆ ಗತಿಯೇನು, ಬೀದಿಯವರ ಮುಂದೆ ಸೊಸೆ ಕೈಕಾಲು ಎತ್ತಿದರೆ ಮಾನವೇನು ಎಂದು ಅವರ ಮಾತು. ನಿಜ ಹೇಳುತ್ತೇನೆ, ನನಗೆ ಸಮಾಧಾನವೇ ಆಯಿತು. ಅತ್ತೆ ಬೇಡ ಅಂದರಲ್ಲ, ನನ್ನ ತಪ್ಪಿಲ್ಲ ಎಂದು ಗೋಡೆ ಹಿಡಿದುಕೊಂಡು ಹಾಸಿಗೆಗೆ ವಾಪಸಾದೆ.

ನನ್ನನ್ನು ಎಬ್ಬಿಸಿದ್ದು ಸುಧಾ. ಅವಳಿಗಾಗ ಎರಡೂವರೆ ವರ್ಷ. ಓಡಾಡುವ, ಕುಣಿಯುವ ಮಗು. ಶಿವರಾತ್ರಿಯ ಆಸುಪಾಸಿನ ಒಂದು ಬೆಳಿಗ್ಗೆ ಅಡಿಗೆಮನೆಯ ಹೊಸ್ತಿಲ ಹತ್ತಿರ ಕೂತಿದ್ದೆ. ಅವಳು ಗೋಡೆಗೆ ಪುಟ್ಟ ಅಂಗೈ ಒತ್ತಿಕೊಂಡು, ತಲೆ ತಗ್ಗಿಸಿ, ಕಾಲೆಳೆಯುತ್ತ ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಎಲ್ಲೋ ಬಿದ್ದು ಪೆಟ್ಟು ಮಾಡಿಕೊಂಡಳೆಂದು ನನಗೆ ಗಾಬರಿ. “ಏನಾಯ್ತು ಬಂಗಾರು? ಕಾಲು ನೋವಾ?” ಎಂದೆ. ಅವಳು ತಲೆ ಎತ್ತದೆ, ಬಹಳ ಗಂಭೀರವಾಗಿ, “ಅಮ್ಮ ಆಟ” ಎಂದಳು.

ನೋಡಿದೆ. ನನ್ನ ಗೆರೆಯ ಕೆಳಗೆ, ಅವಳ ಭುಜದ ಎತ್ತರಕ್ಕೆ, ಇನ್ನೊಂದು ಸಣ್ಣ ಗೆರೆ ಮೂಡಲು ಶುರುವಾಗಿತ್ತು. ಎಷ್ಟು ದಿನದಿಂದ ಆಡುತ್ತಿದ್ದಳೋ ಆ ಆಟವನ್ನು! ಅಮ್ಮ ಆಗುವುದು ಅಂದರೆ ಗೋಡೆ ಹಿಡಿದು ನಡೆಯುವುದು ಎಂದು ಕಲಿತುಬಿಟ್ಟಿದ್ದಳು. ನಾನು ಅಳಲಿಲ್ಲ. ಅಳುವುದಕ್ಕೂ ಮೊದಲೇ ಒಳಗೆ ಏನೋ ಗಟ್ಟಿಯಾಯಿತು. ನಮ್ಮವರನ್ನು ಕರೆದು, “ನಾಳೆ ನಾನು ಗುಡ್ಡಕ್ಕೆ ಹೋಗ್ತೀನಿ. ಅತ್ತೆಗೆ ನೀವೇ ಹೇಳಿ” ಎಂದೆ. ಅವರು ಮಾತು ಕಡಿಮೆಯ ಮನುಷ್ಯ. “ಆಯ್ತು” ಎಂದರು.

ಮರುದಿನ ಬೆಳಕು ಹರಿಯುವಾಗ ಹೊರಟೆ. ಬೀದಿಯ ಮನೆಗಳ ಗೋಡೆ ಇರುವವರೆಗೂ ಕಷ್ಟವಾಗಲಿಲ್ಲ. ಒಂದು ಗೋಡೆಯಿಂದ ಇನ್ನೊಂದಕ್ಕೆ ಕೈ ದಾಟಿಸುತ್ತ ಹೋದೆ. ಕೊನೆಯ ಮನೆ ಮುಗಿಯಿತು. ಮುಂದೆ ಬರೀ ಬಯಲು, ಅದರಾಚೆ ಬಂಡೆಗಳ ಗುಡ್ಡ. ಮೂವತ್ತು ಹೆಜ್ಜೆ ದೂರದಲ್ಲಿ ಓಬಳಪ್ಪನವರ ಹೆಂಡತಿ ಗಂಗಮ್ಮ ನಿಂತಿದ್ದರು. ಗಿಡ್ಡ, ಕಪ್ಪು, ಕಚ್ಚೆ ಹಾಕಿದ ಸೀರೆ. ಓಡಿಬಂದು ನನ್ನ ಕೈ ಹಿಡಿಯುತ್ತಾರೆಂದು ಕಾದೆ. ಅವರು ಅಲ್ಲಾಡಲಿಲ್ಲ.

“ಹಿಡ್ಕಳ್ರೀ ಯಾರಾದ್ರೂ” ಎಂದು ಕೂಗಿದೆ.

“ಹಿಡ್ಕಂಡ್ರೆ ನಾನು ನಡ್ದಂಗಾಗ್ತೈತೆ, ನೀನು ನಡ್ದಂಗಾಗಲ್ಲ. ಹೆಂಗಾರ ಬಾರವ್ವ” ಎಂದರು ಅವರು.

ಹೇಗಾದರೂ ಅಂದರಲ್ಲ, ನಾನು ಮಂಡಿಯೂರಿ ಅಂಬೆಗಾಲಲ್ಲಿ ಹೋದೆ. ಊರಿಗೆ ಮೊಳಕಾಲ್ಮೂರು ಎಂಬ ಹೆಸರು ಹೇಗೆ ಬಂತೋ ಬಲ್ಲವರು ಹೇಳಲಿ. ನನ್ನ ಮಟ್ಟಿಗೆ ಅವತ್ತು ಅದಕ್ಕೊಂದು ಅರ್ಥ ಸಿಕ್ಕಿತು. ನೀರು ಹೊರುತ್ತಿದ್ದ ಇಬ್ಬರು ಹೆಂಗಸರು ಕೊಡ ಇಳಿಸಿ ನಿಂತು ನೋಡಿದರು. ಗಂಗಮ್ಮನ ಕಾಲ ಹತ್ತಿರ ತಲುಪಿದಾಗ ನನ್ನ ಅಂಗೈ ತುಂಬ ಕೆಂಪು ಮಣ್ಣು.

ಮೊದಲ ತಿಂಗಳು ಅವರು ಕಲಿಸಿದ್ದು ಎರಡೇ. ಚಪ್ಪಲಿ ಬಿಟ್ಟು ನಿಲ್ಲುವುದು, ಮತ್ತು ನೆಲದ ಮೇಲೆ ಮಲಗುವುದು. ಇವಕ್ಕೂ ಹೆಸರುಗಳಿವೆ, ಓಬಳಪ್ಪನವರು ತಾಡಾಸನ, ಶವಾಸನ ಎಂದು ಮೇಷ್ಟರ ಗತ್ತಿನಲ್ಲಿ ಹೇಳುತ್ತಿದ್ದರು. ಅವರು ಹೇಳುತ್ತಿದ್ದರು, ಗಂಗಮ್ಮ ಮಾಡಿ ತೋರಿಸುತ್ತಿದ್ದರು. ಗಂಡ ಮುಂದಕ್ಕೆ ಬಾಗಿ ಮಂಡಿಯ ಹತ್ತಿರ ಸಿಕ್ಕಿಹಾಕಿಕೊಂಡರೆ, ಹೆಂಡತಿಯ ಅಂಗೈ ಸಲೀಸಾಗಿ ನೆಲ ಮುಟ್ಟುತ್ತಿತ್ತು. “ಇವಳಿಗೆ ನಾನೇ ಕಲಿಸಿದ್ದು” ಎಂದು ಅವರು ಬೀಗುವಾಗ, “ಹೂಂ, ಕಲಿಸಿದ್ರು. ತಾವು ಕಲಿಯೋದು ಮರ್ತ್ರು” ಎಂದು ಆಕೆ.

“ಪಾದಕ್ಕೆ ಏನು ತಾಕ್ತೈತೆ ಹೇಳು” ಎನ್ನುವುದು ಗಂಗಮ್ಮನ ಪಾಠ. ಮೊದಲ ದಿನ ಕಲ್ಲು ಎಂದೆ. “ಕಲ್ಲು ಗೊತ್ತು. ಎಂಥಾ ಕಲ್ಲು?” ಹೆಬ್ಬೆಟ್ಟಿನ ಬುಡಕ್ಕೆ ಚೂಪು, ಹಿಮ್ಮಡಿಗೆ ನುಣುಪು. ಕಿರುಬೆರಳ ಹತ್ತಿರ ಇರುವೆ. ಬಂಡೆ ಇನ್ನೂ ತಣ್ಣಗಿದೆ, ಮಣ್ಣು ಆಗಲೇ ಬೆಚ್ಚಗಾಗುತ್ತಿದೆ. ಹೀಗೆ ಕಾಲಿನ ಕಡೆ ಗಮನ ಇಳಿದಾಗ ತಲೆ ತಿರುಗುವುದು ನಿಲ್ಲುತ್ತಿರಲಿಲ್ಲ. ಆದರೆ ಅದು ದೂರದಲ್ಲಿ ಯಾರೋ ಮಾತಾಡುತ್ತಿದ್ದ ಹಾಗೆ, ನಾನು ಕೇಳಲೇಬೇಕೆಂದಿಲ್ಲದ ಹಾಗೆ ಆಗುತ್ತಿತ್ತು. ದೊಡ್ಡಉಳ್ಳಾರ್ತಿಯ ಕಾವಲಿನಲ್ಲಿ ಓಡುತ್ತಿದ್ದ ಹುಡುಗಿಗೆ ಇದೆಲ್ಲ ಗೊತ್ತಿತ್ತು. ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತ ಮೇಲೆ ಆ ಹುಡುಗಿಯ ಕಾಲು ಮಗ್ಗದ ಹಲಗೆ ತುಳಿಯುವುದನ್ನು ಬಿಟ್ಟು ಬೇರೆಲ್ಲ ಮರೆತಿತ್ತು.

ಕೊನೆಗೆ ಮಲಗುವುದು. ಚಾಪೆಯಿಲ್ಲ, ಬಟ್ಟೆಯಿಲ್ಲ, ಮಣ್ಣಿನ ಮೇಲೆಯೇ. ಒಂದು ದಿನ ಕಿವಿ ನೆಲಕ್ಕೆ ಹಚ್ಚಿ ಪಕ್ಕಕ್ಕೆ ಮಲಗಿದ್ದಾಗ ಸಣ್ಣಗೆ ಮಳೆ ಹನಿದ ಸದ್ದು ಕೇಳಿತು. ಆಕಾಶದಲ್ಲಿ ಮೋಡವಿಲ್ಲ. “ಕುರಿ ಬರ್ತಾ ಅವೆ” ಎಂದರು ಗಂಗಮ್ಮ. ಅವರು ದೇವಸಮುದ್ರದ ಕಡೆಯ ಕುರಿ ಕಾಯುವವರ ಮನೆಯ ಮಗಳು. ಸ್ವಲ್ಪ ಹೊತ್ತಿಗೆ ಗುಡ್ಡದ ಮಗ್ಗುಲಿನಿಂದ ಮಂದೆ ಬಂತು. ಬೀಳಿಸುವುದಷ್ಟೇ ಕೆಲಸ ಎಂದುಕೊಂಡಿದ್ದ ನೆಲ ನನಗೆ ಸುದ್ದಿ ಹೇಳಿತ್ತು. ನನ್ನ ಕೆಟ್ಟ ಕಿವಿ ಅದನ್ನು ಕೇಳಿಸಿಕೊಂಡಿತ್ತು. ಅಂದಿನಿಂದ ನೆಲದ ಮೇಲಿನ ಹೆದರಿಕೆ ಸ್ವಲ್ಪ ಹೋಯಿತು. ಇದು ಬಂದರಿಕೆ, ಇದು ತಂಗಡಿ, ಇದು ಪೊರಕೆ ಕಟ್ಟುವ ಹಂಚಿ ಹುಲ್ಲು ಎಂದು ಆಕೆ ಹೇಳಿಕೊಟ್ಟ ಗಿಡಗಳ ಮೇಲೆ ಬೆಳಿಗ್ಗೆ ಹೋದ ಕೂಡಲೇ ಒಂದು ಸುತ್ತು ಕಣ್ಣಾಡಿಸುತ್ತಿದ್ದೆ, ನೆಂಟರ ಮನೆಗೆ ಹೋದವರು ಎಲ್ಲರ ಮುಖ ನೋಡುವ ಹಾಗೆ.

ಬೀದಿಯಲ್ಲಿ ನಮಗೆ ಸರ್ಕಸ್ ಕಂಪನಿ ಎಂದು ಹೆಸರಾಯಿತು. ಅತ್ತೆ ನನ್ನ ಜೊತೆ ಮಾತು ಕಡಿಮೆ ಮಾಡಿದರು. ಬೇಸಿಗೆ ಮುಗಿಯುವ ಹೊತ್ತಿಗೆ ಗೋಡೆ ಮುಟ್ಟದೆ ನಡೆಯುತ್ತಿದ್ದೆ. ಆದರೆ ಮಗ್ಗ? ಲಾಳಿಯ ಹಿಂದೆ ಕಣ್ಣು ಹೋದ ಕೂಡಲೇ ಮನೆ ಮತ್ತೆ ಹೊರಡುತ್ತಿತ್ತು. ಓಬಳಪ್ಪನವರು ಯೋಚಿಸಿ ಒಂದು ದಾರಿ ಕಟ್ಟಿದರು. “ಒಂಟಿಕಾಲಿನ ಮ್ಯಾಲೆ ನಿಂತ್ಕ. ಅದು ವೃಕ್ಷಾಸನ. ನಿಂತ್ಕಂಡು ಕತ್ತು ಮೆಲ್ಲಗೆ ಎಡಕ್ಕೆ, ಮೆಲ್ಲಗೆ ಬಲಕ್ಕೆ. ಲಾಳಿ ನೋಡ್ದಂಗೆ. ಹತ್ತು ಉಸುರು ಬೀಳ್ದಂಗೆ ನಿಂತ್ರೆ ಮಗ್ಗಕ್ಕೆ ಕುಂತ್ಕ.”

ಹತ್ತು ಉಸಿರು! ನಾನು ಎರಡಕ್ಕೇ ಬೀಳುತ್ತಿದ್ದೆ. ದಿನವೂ ಬಿದ್ದೆ. ಆಷಾಢ ಹಿಡಿಯಿತು, ನಮ್ಮ ಕಡೆಯ ಆಷಾಢದ ಗಾಳಿ ಗೊತ್ತಲ್ಲ, ಮಳೆ ತಾರದೆ ಬರೀ ಧೂಳು ತರುವ ಗಾಳಿ. ಒಂದು ದಿನ ಬಂಡೆಯ ಅಂಚಿಗೆ ಬಿದ್ದು ಮೊಣಕಾಲು ಒಡೆಯಿತು. ಮನೆಗೆ ಬಂದು ಇನ್ನು ಸಾಕು ಎಂದು ಮೂರು ದಿನ ಹೋಗಲಿಲ್ಲ. ಮೂರನೆಯ ಸಂಜೆ ಗಂಗಮ್ಮ ಬಾಗಿಲಿಗೆ ಬಂದು, ಒಳಗೂ ಬಾರದೆ, “ನಾಳೆ ಗಾಳಿ ಇನ್ನೂ ಜೋರಿರ್ತೈತೆ. ಗಾಳ್ಯಾಗೆ ನಿಂತ್ರೆ ನಾಕು ದಿನದ್ದು ಒಂದೇ ದಿನಕ್ಕೆ ಕಲೀಬೋದು. ನಾನಂತೂ ಹೋಗ್ತೀನಿ” ಎಂದು ಹೇಳಿ ಹೊರಟುಹೋದರು. ಅತ್ತೆ ಒಳಗಿನಿಂದ ಕೇಳಿಸಿಕೊಂಡರು. ಬೇಡ ಅನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಆಗ ನನಗೆ ಗೊತ್ತಾಯಿತು, ಹೋಗದಿರಲು ನನ್ನ ಹತ್ತಿರ ಇನ್ನು ಯಾರ ನೆಪವೂ ಇಲ್ಲ ಎಂದು.

ಮರುದಿನ ಹೋದೆ. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ಎಡಗಾಲು ಊರಿ ನಿಂತೆ. ಗಾಳಿ ತಳ್ಳಿತು, ಬಿದ್ದೆ. ಎದ್ದೆ, ಮತ್ತೆ ಬಿದ್ದೆ. ಮೂರನೆಯ ಸಲ ಏಳುವಾಗ ಕೆಳಗೆ ಸೀತಾಫಲದ ಗಿಡದ ಮರೆಯಲ್ಲಿ ಯಾರೋ ತಲೆ ಮೇಲೆ ಸೆರಗು ಹೊದ್ದು ಕೂತದ್ದು ಕಾಣಿಸಿತು. ನಮ್ಮತ್ತೆ! ನನ್ನನ್ನು ಎಳೆದುಕೊಂಡು ಹೋಗಲು ಬಂದಿದ್ದಾರೆ ಎಂದುಕೊಂಡೆ. ಆ ಗಡಿಬಿಡಿಯಲ್ಲಿ ಮತ್ತೆ ಬಿದ್ದೆ, ಒಡೆದ ಮೊಣಕಾಲೇ ಮತ್ತೆ ಒಡೆಯಿತು. ಅತ್ತೆ ಎದ್ದು ನಿಂತರು. ಗಾಳಿಗೆ ಎದುರಾಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು: “ಇಂಕೋಸಾರಿ!”

ಇನ್ನೊಂದು ಸಲ. ಅಷ್ಟೇ ಅವರು ಹೇಳಿದ್ದು.

ನಿಂತೆ. ಗುಡ್ಡದ ಬಿರುಕಿನಲ್ಲಿ ಒಂದು ಜಾಲಿ ಮರ ಗಾಳಿಗೆ ಹೊಯ್ದಾಡುತ್ತಿತ್ತು. ಬೇರು ಮಾತ್ರ ಕದಲುತ್ತಿರಲಿಲ್ಲ. ನಾನೂ ಅಲುಗಾಡಬಹುದು, ಅಲುಗಾಡಿದ್ದಕ್ಕೆಲ್ಲ ಬೀಳಬೇಕಾಗಿಲ್ಲ ಎಂದುಕೊಂಡೆ. ಮಂಡಿ ಸಡಿಲ ಬಿಟ್ಟೆ. ಕತ್ತು ಎಡಕ್ಕೆ, ಕತ್ತು ಬಲಕ್ಕೆ. ಗಂಗಮ್ಮ ಜೋರಾಗಿ ಎಣಿಸಿದರು. ಏಳು, ಎಂಟು, ಒಂಬತ್ತು, ಹತ್ತು. ಹನ್ನೊಂದನ್ನೂ ಎಣಿಸಿದರು. ಕಾಲು ಇಳಿಸಿದಾಗ ಅತ್ತೆ ನನ್ನ ಪಕ್ಕ ಬಂದು ಚಪ್ಪಲಿ ಬಿಡುತ್ತಿದ್ದರು. “ನಂಗೂ ಮಂಡಿ ನೋವು ಐತೆ. ಇದಕ್ಕೆ ಏನು ಮಾಡ್ಬೇಕು, ಕೇಳು ಅವಳನ್ನ” ಎಂದರು, ನನ್ನ ಮುಖ ನೋಡದೆ.

ಆ ವಾರವೇ ಮಗ್ಗದ ಸೀರೆಗೆ ಹೊದಿಸಿದ್ದ ಬಟ್ಟೆ ತೆಗೆದೆ. ಮೊದಲ ದಿನ ಹತ್ತು ಸಲ ಲಾಳಿ ಎಸೆದು ಎದ್ದುಬಿಟ್ಟೆ, ಮರುದಿನ ಇಪ್ಪತ್ತು. ದಸರಾಕ್ಕೆ ಆ ಸೀರೆ ಮಗ್ಗದಿಂದ ಇಳಿಯಿತು. ಹಬ್ಬಕ್ಕೆ ನಮ್ಮವರು ಗೋಡೆಗೆ ಸುಣ್ಣ ಬಳಿದರು. ಎರಡೂ ಗೆರೆಗಳು ಮುಚ್ಚಿಹೋದವು.

ಹಬ್ಬದ ಮರುದಿನ ಸುಧಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಬ್ಬಳೇ ಚಳ್ಳಕೆರೆಗೆ ಹೊರಟೆ. ಬಸ್ಸು ಕಿಕ್ಕಿರಿದಿತ್ತು. ನಿಂತೇ ಹೋದೆ, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ. ಓಬಳಪ್ಪನವರು ಜನರ ನಡುವೆ ನುಸುಳಿಕೊಂಡು ಬಂದರು. ಶಹಬ್ಬಾಸ್ ಅನ್ನುತ್ತಾರೆ ಎಂದು ನಾನು ನಗುತ್ತ ನೋಡಿದೆ. ಅವರು ಟಿಕೀಟು ಹರಿದು ಕೈಗಿತ್ತು, “ನಿಂತೋರೆಲ್ಲ ಹಿಂದಕ್ಕೆ ಹೋಗ್ರಿ, ಹಿಂದಕ್ಕೆ!” ಎಂದು ನನ್ನನ್ನೂ ಸೇರಿಸಿ ಗದರಿ ಮುಂದೆ ಹೋದರು. ಅಷ್ಟು ಸಂತೋಷ ಕೊಟ್ಟ ಗದರಿಕೆ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಓಬಳಪ್ಪನವರು ಈಗಿಲ್ಲ. ಅತ್ತೆಯೂ ಇಲ್ಲ, ಕೊನೆಯವರೆಗೂ ಅವರು ಬೆಳಿಗ್ಗೆ ನಮಗಿಂತ ಮೊದಲು ಗುಡ್ಡದ ಬುಡ ಸೇರುತ್ತಿದ್ದರು. ಗಂಗಮ್ಮ ದೇವಸಮುದ್ರದಲ್ಲಿ ಮಗಳ ಮನೆಯಲ್ಲಿದ್ದಾರೆ. ಇಷ್ಟು ವರ್ಷ ನಾನು ಒಂದು ಮಾತನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ: ಆ ತಲೆಸುತ್ತು ಮತ್ತೆ ಬಂದರೆ ಏನು ಮಾಡಲಿ ಎಂಬ ಭಯ.

ಹತ್ತು ದಿನದ ಹಿಂದೆ ಅದು ಬಂತು. ಹಿಟ್ಟಿನ ಗಿರಣಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ, ಮುಂದಿನವಳ ಡಬ್ಬಿ ಎಡಕ್ಕೆ ಜಾರಿತು, ಗಿರಣಿಯೂ ಜಾರಿತು. ಯಾರೋ ಮನೆಗೆ ತಂದು ಬಿಟ್ಟರು. ನಮ್ಮವರ ಜೊತೆ ಹೋಗಿ ಡಾಕ್ಟರಿಗೆ ತೋರಿಸಿ ಮಾತ್ರೆ ತಂದೆ. ಸುಧಾ ರಜೆ ಹಾಕಿ ಬರುತ್ತೇನೆ ಎಂದಳು. ಒಂದು ದಿನ ಮಲಗಿದೆ. ಎರಡನೆಯ ದಿನ ಬೆಳಿಗ್ಗೆ ಎಚ್ಚರವಾದಾಗ ಭಯವನ್ನು ಹುಡುಕಿ ನೋಡಿದೆ. ಇತ್ತು, ಆದರೆ ಸಣ್ಣದಾಗಿತ್ತು. ಚಪ್ಪಲಿ ಮೆಟ್ಟದೆ ಗುಡ್ಡಕ್ಕೆ ಹೊರಟೆ.

ಈಗ ಅಲ್ಲಿ ಎಣಿಸಲು ಯಾರೂ ಇಲ್ಲ, ನನ್ನ ಉಸಿರು ನಾನೇ ಎಣಿಸಬೇಕು. ಆಗ ನಾನು ಮಗಳಿಗಾಗಿ ನಿಂತೆ, ಮಗ್ಗಕ್ಕಾಗಿ ನಿಂತೆ. ಈಗ ಮಗಳು ತನ್ನ ಕಾಲ ಮೇಲೆ ತಾನು ನಿಂತಿದ್ದಾಳೆ, ಮಗ್ಗಕ್ಕೆ ನಾನೇ ಬೇಕೆಂದೇನಿಲ್ಲ. ಈಗ ನಿಲ್ಲುವುದು ಬರೀ ನನಗಾಗಿ. ಅಷ್ಟು ಸಾಕು ಎಂದು ಈ ವಯಸ್ಸಿನಲ್ಲಿ ಗೊತ್ತಾಗಿದೆ.

ಇವತ್ತು ಆರು ಉಸಿರಿನವರೆಗೆ ನಿಂತೆ. ಏಳನೆಯದಕ್ಕೆ ಬಿದ್ದೆ. ಬಿದ್ದಲ್ಲೇ ಸ್ವಲ್ಪ ಹೊತ್ತು ಮಲಗಿ ಆಕಾಶ ನೋಡಿದೆ. ಬೆನ್ನ ಕೆಳಗೆ ಮಣ್ಣು ಬೆಚ್ಚಗಿತ್ತು. ಆಮೇಲೆ ಎದ್ದು, ಮೈಗೆ ಹತ್ತಿದ ಧೂಳನ್ನೂ ಕೊಡವದೆ, ಇನ್ನೊಂದು ಕಾಲು ಊರಿದೆ.